ತುರ್ತಿಗೆ ಮಾತ್ರ

ಮೀಟಿಂಗಿನಾಗ ಠರಾವಾತು:
ಮನಿಗೊಂದು ನೀಲಿ ಡ್ರಮ್ಮು, ಐವತ್ತು ಲೀಟರು,
ಮ್ಯಾಲ ಬರೀಬೇಕು, ತುರ್ತಿಗೆ ಮಾತ್ರ.
ಬೆಂಕಿ ಹತ್ತಬಹುದು, ಅಂದ್ರು ಸೆಕ್ರೆಟರಿ ಗುಂಡೇರಾವ.
ಎಲ್ಲಾರೂ ಮೊಬೈಲ್ ನೋಡಕೋತ ಕುಂತಿದ್ರು.
ಭೂಕಂಪ ಆಗಬಹುದು, ಅಂದ್ರು.
ನಲವತ್ತು ದಾಟಿದವ್ರು ತಲಿ ಎತ್ತಿದ್ರು.
ಕಿಲ್ಲಾರಿಯ ಆ ನಸುಕಿನ್ಯಾಗ
ಕಲಬುರಗಿಯ ಭಾಂಡೆ ತಾವ ತಾವೇ ಬಾರಿಸಿದ್ದು
ಅವರ ಕಿವ್ಯಾಗ ಇನ್ನೂ ಅದ.

ನೀರಿಗೂ ವಯಸ್ಸಾಗತದ.
ಪಟಕ ತಿರುವಿದ್ರೂ ಎರಡು ವಾರಕ್ಕ
ಮೈಮ್ಯಾಲ ತೆಳ್ಳನ್ನದೊಂದು ಕೆನಿ.
ಅಮಾಸಿಗೊಮ್ಮೆ ಖಾಲಿ ಮಾಡಿ ತುಂಬೂದು,
ಹಳೇ ನೀರು ಕೊಡಾ ಕೊಡಾ ಇಳಿಸಿ
ಗೇಟಿನ ಬಾಜೂಕಿನ ಬೇವಿನ ಸಸಿಗಿ.
ಇಪ್ಪತ್ನಾಕು ಮನಿಯ ಬಾರದ ಆಪತ್ತು ಕುಡದು
ನಾಕ ವರ್ಷದಾಗ ಅದು
ಎರಡನೇ ಮಾಳಿಗಿಯ ನನ್ನ ಬಾಲ್ಕನಿ ಮುಟ್ಟಿತು.
ಯುಗಾದಿಗಿ ಹೂವು ಕೈಗೇ ಸಿಗತಾವ.

ಈ ಮೇ ತಿಂಗಳದಾಗ ಸೇಡಂ ರೋಡ್ ಅಗದು
ಪೈಪು ಒಡದ್ರು. ಬೋರು ಹೋದ ವರ್ಷಾನೇ ಹೋಗಿತ್ತು.
ಟ್ಯಾಂಕರಿನವ ಫೋನ್ ಎತ್ತಲಿಲ್ಲ.
ಆಗ ಮೆಟ್ಟಿಲ ಮ್ಯಾಲ ಚರ್ಚಾ: ತುರ್ತು ಅಂದ್ರ ಯಾವುದು?
ಭಾಂಡೆ ತಿಕ್ಕೂದು ಅಲ್ಲ. ತಲಿಸ್ನಾನ ಅಲ್ಲ.
ವಜೂಕ ಒಂದು ತಂಬಗಿ ಸಾಕವ್ವ, ಅಂದಳು ರಜಿಯಾ ಆಪಾ.
ಕೆಳಗಿನ ಮನಿ ಬಾಣಂತಿಗಿ?
ಅದಕ್ಕ ಯಾರೂ ಮಾತಾಡಲಿಲ್ಲ,
ಹೋಗಿ ಒಂದೊಂದು ಕೊಡ ಇಟ್ಟು ಬಂದ್ರು.
ಮೂರನೇ ದಿನ ನಾನೂ ಮುಚ್ಚಳಾ ತಗದೆ.
ಸ್ಕೆಚ್ ಪೆನ್ನಿಲೆ ಮಗಳು ಬರದಿದ್ದ
ಅಕ್ಷರದಾಗ ತುರ್ತು ಅಳಿಸಿ ಹೋಗಿ
ಮಾತ್ರ ಅಷ್ಟೇ ಉಳದಿತ್ತು.

ಐದನೇ ರಾತ್ರಿ, ನಾಕಕ್ಕ ಇನ್ನೂ ಐದು ನಿಮಿಷ,
ಗೋಡಿಯೊಳಗ ಗುಡುಗುಡು ಅಂತು.
ಖಿಡಕಿ ನಡುಗಿದವು. ಸ್ಟ್ಯಾಂಡಿನಾಗ
ಗಂಗಾಳ ಒಂದಕ್ಕೊಂದು ಹೆಸರು ಹಿಡದು ಕರದವು.
ಎದ್ದು ನೋಡಿದ್ರ ನಳ:
ಗಾಳಿ ಕೆಮ್ಮಿ, ಕೆಂಪು ಉಗುಳಿ,
ಆಮ್ಯಾಲ ನೀರು.
ಮಾಳಿಗಿ ಮಾಳಿಗಿಗೂ ದೀಪ ಹತ್ತಿದವು,
ಇಪ್ಪತ್ನಾಕು ಡ್ರಮ್ಮು ಕೂಡೇ ತುಂಬೂ ಸಪ್ಪಳ,
ದಪ್ಪ ದನಿ, ಬರಬರತ ಸಣ್ಣ ದನಿ.

ಬಾಲ್ಕನಿಗಿ ಬಂದು ಬಗ್ಗಿ ನೋಡಿದೆ.
ಬೇವಿನ ಬುಡದಾಗ ಗುಂಡೇರಾವ,
ಬರಿಗಾಲು, ಬನಿಯನ್ನು, ಬಗಲಾಗ ಮೊಮ್ಮಗ.
ಕಟ್ಟಡ ಬೀಳೂದು ಕಾಯಕೋತ ನಿಂತಂಗ ನಿಂತಿದ್ರು.
ಡ್ರಮ್ಮು ತರೂದು ಮರತಿದ್ರು.
ವಾಚಮನ್ ಸಾಯಬಣ್ಣ ಹಸಿ ಚೀಲ ಸುತ್ತಿದ
ತನ್ನ ಗಡಗಿಯೊಳಗಿಂದ ಒಂದು ಗಿಲಾಸ ತುಂಬಿ ಕೊಟ್ಟ.

ಅವನ ಖೋಲಿ ಠರಾವಿನಾಗ ಇದ್ದಿಲ್ಲ.