ಏಳನೇ ಡಬ್ಬಿ

ಆನಗೋಡು ದಾಟಿ, ಗಂಗಮಾಳಮ್ಮನ ಮೆಕ್ಕೆಜೋಳದ ಸಾಲುಗಳ ನಡುವೆ
ಒಂಬತ್ತು ಡಬ್ಬಿ ಬೋರಲು ಹಾಕಿದ್ದೇನೆ.
ಅಂಚಿನ ಗಾಡಿಗೆ ನೀರು ಹುಯ್ದು, ಗಾಳಿಯ ದಾರಿ ಮುಚ್ಚಿ,
ಗಡಿಯಾರ ನೋಡುತ್ತ ಕುಕ್ಕರಗಾಲಲ್ಲಿ ಕೂತಿದ್ದೇನೆ.
ಸೊನ್ನೆ, ಹತ್ತು, ಇಪ್ಪತ್ತು, ಮೂವತ್ತು ನಿಮಿಷ:
ಒಂದೊಂದು ಡಬ್ಬಿಗೆ ನಾಲ್ಕು ಸಿರಿಂಜು.

ಮೊದಲು ನಾನು ರಕ್ತ ತೆಗೆಯುತ್ತಿದ್ದೆ,
ದಾವಣಗೆರೆಯ ಒಂದು ಲ್ಯಾಬಿನಲ್ಲಿ, ಆರು ವರ್ಷ.
ಜನ ಮುಖ ಆಚೆ ತಿರುಗಿಸಿ
"ನೋವಾಗತ್ತಾ?" ಎಂದು ಗೋಡೆಯನ್ನು ಕೇಳುತ್ತಿದ್ದರು.
ಈ ನೆಲ ಏನೂ ಕೇಳುವುದಿಲ್ಲ.
ನರ ಹುಡುಕಬೇಕಿಲ್ಲ. ರಬ್ಬರಿನ ಬಿರಡೆಗೆ ಚುಚ್ಚಿ ಎಳೆದರೆ
ಬರುವುದು ಬಣ್ಣವಿಲ್ಲದ್ದು, ವಾಸನೆಯಿಲ್ಲದ್ದು,
ಇದೆಯೋ ಇಲ್ಲವೋ ಎನ್ನಿಸುವಂಥದ್ದು.

"ನಮ್ ಹೊಲಕ್ಕೇನು ಜ್ವರ ಬಂದೈತೇನವ್ವ?"
ಬದುವಿನ ಮೇಲೆ ನಿಂತು ಗಂಗಮಾಳಮ್ಮ ಕೇಳಿದರು.
ಹೇಳಿದೆ: ನೀವು ಹಾಕಿದ ಯೂರಿಯಾ ಎಲ್ಲಾ ಜೋಳಕ್ಕೆ ಹೋಗಲ್ಲ.
ಕಣ್ಣಿಗೆ ಕಾಣದ ಜೀವಗಳು ಒಂದಿಷ್ಟು ತಿಂದು ತೇಗುತ್ತವೆ,
ಆ ತೇಗು ಹಿಡಿಯೋಕೆ ಬಂದೀನಿ.
ಹಲ್ಲಿನ ಡಾಕ್ಟ್ರು ಮೂಗಿಗೆ ಹಿಡೀತಾರಲ್ಲ, ನಗೆಗಾಳಿ, ಅದೇ ಇದು.
ಸೆರಗು ಬಾಯಿಗೆ ಒತ್ತಿಕೊಂಡರು:
"ಹಂಗಾರೆ ನಮ್ ಹೊಲ ನಗತೈತೆ ಅನ್ನು.
ಯಾರನ್ನ ನೋಡಿ?"

ಪುಸ್ತಕದ ಲೆಕ್ಕ ಸಲೀಸು.
ನೂರು ಕೆಜಿ ಸಾರಜನಕ ಹಾಕಿದಲ್ಲಿ
ಒಂದು ಕೆಜಿ ಹಾರಿಹೋಯಿತು ಎಂದು ಬರೆದುಕೋ.
ಮೂರೂ ಇರಬಹುದು, ಒಂದರ ಮೂರನೇ ಪಾಲೂ ಇರಬಹುದು
ಎಂದು ಕೆಳಗೆ ಸಣ್ಣಕ್ಷರದಲ್ಲಿ.
ಆ ಒಂದು ಯಾರ ಹೊಲದ್ದು? ಯಾವ ಸೀಮೆಯ ಮಳೆಗೆ ನೆನೆದದ್ದು?
ಎರೆಗೂ ಮಸಾರಿಗೂ
ಒಂದೇ ಅಳತೆಯ ಅಂಗಿ ಹೊಲಿದ ದರ್ಜಿಯನ್ನು
ನಾನು ನೋಡಿಲ್ಲ.

ಶುಕ್ರವಾರ ಯಂತ್ರದ ಪರದೆಯ ಮೇಲೆ
ಎಂಟು ಡಬ್ಬಿಗಳು ಇರುವೆಗೂಡಿನಷ್ಟು ಉಬ್ಬಿದವು.
ಏಳನೆಯದು ಮಾತ್ರ ಜೋಗಿಮಟ್ಟಿ.
ಉಳಿದವುಗಳ ಹನ್ನೊಂದು ಪಟ್ಟು.
ಸಿರಿಂಜು ಸೋರಿತೇ? ಸೋರಿದ್ದರೆ ಕಡಿಮೆಯಾಗಬೇಕಿತ್ತು.
ಶೀಶೆ ಅದಲುಬದಲಾಯಿತೇ? ನಾಲ್ಕೂ ಬಿಂದು
ಅಡಿಪಟ್ಟಿ ಇಟ್ಟ ಹಾಗೆ ಒಂದೇ ಗೆರೆಯಲ್ಲಿ ಹತ್ತಿವೆ.
ತಿಪ್ಪೇರುದ್ರ ಸರ್ ಕನ್ನಡಕ ಹಣೆಗೇರಿಸಿ
"ಅದೊಂದು ಬಿಟ್ಬಿಡಿ, ಸರಾಸರಿ ಕೆಡುತ್ತೆ" ಎಂದರು.

ಒಮ್ಮೆ ಲ್ಯಾಬಿನಲ್ಲಿ ಒಬ್ಬರ ಸಕ್ಕರೆ ನಾನೂರ ಎಂಬತ್ತು ಬಂದಾಗ
ನಾವೆಲ್ಲ ಸೇರಿ ಯಂತ್ರವನ್ನು ಬೈದಿದ್ದೆವು.
ಯಂತ್ರ ಸರಿಯಿತ್ತು.

ಮರುವಾರ ಗಂಗಮಾಳಮ್ಮನನ್ನು ಸಾಲಿನೊಳಕ್ಕೆ ಕರೆದು
ಏಳನೇ ಜಾಗ ತೋರಿಸಿದೆ.
ನೆಲ ನೋಡಿದರು, ದೂರದ ಹುಣಸೆಮರ ನೋಡಿದರು,
ಅಲ್ಲಿಂದ ಇಲ್ಲಿಗೆ ಬಾಯಲ್ಲೇ ಹೆಜ್ಜೆ ಎಣಿಸಿದರು.
"ಬ್ಯಾಸಿಗ್ಯಾಗೆ ಕುರಿ ಮಂದೆ ನಿಲ್ಸಿದ್ವಿ. ಹಿರಿಯೂರು ಕಡೆಯೋರು.
ಮೂರು ರಾತ್ರಿ. ಹೊಲದ ತುಂಬ ನಿಂತಿದ್ವು,
ಆದ್ರೆ ಮರಿ ಕೂಡಿದ್ದು ಇಲ್ಲೇ,
ಬಲೆ ಕಟ್ಟಿ, ಒತ್ತೊತ್ತಾಗಿ."

ನನ್ನ ನಮೂನೆಯಲ್ಲಿ ಅದಕ್ಕೆ ಕಾಲಂ ಇಲ್ಲ.
ಎಕರೆಗೆ ಎಷ್ಟು ಚೀಲ, ಯಾವ ತಾರೀಕು, ಅಷ್ಟೇ ಇದೆ.
ಮರಿಗಳು ಒಂದಕ್ಕೊಂದು ಒರಗಿ
ಕತ್ತಲಲ್ಲಿ ಉಚ್ಚೆ ಹುಯ್ದದ್ದನ್ನು
ಮಣ್ಣು ಮುಂಗಾರಿನವರೆಗೆ ಇಟ್ಟುಕೊಂಡಿತ್ತು.
ಮಳೆ ಬಿದ್ದ ರಾತ್ರಿ ಎರಡು ಗಂಟೆಗೆ
ಇದು ಎಷ್ಟು ಉಸಿರು ಬಿಟ್ಟಿತೋ, ಯಾರು ಅಳೆದರು?
ನಾನು ಒಂಬತ್ತರ ಬಸ್ಸಿಗೆ ಬಂದು
ಹನ್ನೆರಡರ ಬಸ್ಸಿಗೆ ಹೋಗುವವಳು.

ಷರಾ ಕಾಲಮ್ಮಿನಲ್ಲಿ ಪೆನ್ಸಿಲಿನಿಂದ ಬರೆದೆ:
ಮಂದೆ. ಮೂರು ರಾತ್ರಿ. ಮರಿಗಳು.
ಏಳನ್ನು ಸೇರಿಸಿಯೇ ಭಾಗಿಸಿದೆ.
ಸರಾಸರಿ ಎದ್ದಿತು, ಅದರ ಮೇಲೆ ಕೆಳಗೆ
ಅನುಮಾನದ ಗೆರೆ ಕಾಗದದ ಅಂಚು ಮುಟ್ಟಿತು.
ಸೋಮವಾರ ಸರ್ ಕೇಳುತ್ತಾರೆ.

ಈಗ ಡಬ್ಬಿ ಎತ್ತುತ್ತೇನೆ.
ಒಳಮೈ ತುಂಬ ಸಣ್ಣ ಹನಿ.
ಗಂಗಮಾಳಮ್ಮ ಬಗ್ಗಿ, ಮೂಗು ಹತ್ತಿರ ತಂದು,
ಎರಡು ಸಲ ಎಳೆದು ನೋಡಿದರು.
"ಏನೂ ಇಲ್ಲ ಬಿಡವ್ವ," ಎಂದರು,
"ಕುರಿ ವಾಸ್ನೆ ಸೈತ ಇಲ್ಲ."