ಹೊತ್ತು ಮುಳುಗಿದ ಮೇಲೆ ತುಂಬಬೇಕು

ಮಸ್ಕತ್ತಿನ ಘಾಲಾದಲ್ಲಿ, ನಮ್ಮ ಕ್ಯಾಂಪಿನಲ್ಲಿ
ಬಿಸಿನೀರಿಗೆ ಯಾರೂ ಕಾಸು ಕೊಡುವುದಿಲ್ಲ.
ಜೂನ್ ತಿಂಗಳ ನಲ್ಲಿಗೆ ಚಹಾಪುಡಿ ಹಿಡಿದರೆ ಸಾಕು.
ಗೀಸರಿನ ಸ್ವಿಚ್ಚು ಆರಿಸಿ, ಅದರ ಹೊಟ್ಟೆಯಲ್ಲಿ ನೀರು ತಣಿಸಿ
ಸ್ನಾನ ಮಾಡುವ ಜನ ನಾವು.

ಹಾಗಾಗಿ ಫೋರ್‌ಮನ್ ಚೀಟಿ ಕೊಟ್ಟು
"ಸೋಲಾರ್ ಹೀಟರ್, ಜಬಲ್ ಅಖ್ದರ್, ಒಂದು ಮನೆ" ಅಂದಾಗ
ಮಫಿಜುಲ್ ನಕ್ಕ:
ಒಲೆಗೇ ಬೆಂಕಿಪೊಟ್ಟಣ ಮಾರಲು ಹೊರಟೆವಲ್ಲ.

ಬಿರ್ಕತ್ ಅಲ್ ಮೌಜ್ ದಾಟಿದ ಮೇಲೆ
ರಸ್ತೆ ಬೆಟ್ಟಕ್ಕೆ ಒರಗಿಸಿಟ್ಟ ಏಣಿ.
ಕಿವಿ ಎರಡು ಸಲ ಮುಚ್ಚಿ ತೆರೆಯಿತು.
ಹಿಂದುಗಡೆ ಹಳೇ ಕಂಬಳಿಯೊಳಗೆ ಹದಿನೈದು ಗಾಜಿನ ನಳಿಗೆ,
ತಿರುವು ತಿರುವಿಗೂ ಬಳೆಗಾರನ ಮಲಾರದ ಸದ್ದು.
ಶೇರ್ ಜಮಾನ್ ಪಶ್ತೋದಲ್ಲಿ ಗಾಡಿಗೆ ಏನೋ ಬುದ್ಧಿ ಹೇಳುತ್ತಿದ್ದ.

ಮೇಲೆ ಜನವರಿ. ಎಲೆ ಕಳೆದ ದಾಳಿಂಬೆ,
ಫಲಜಿನ ಅಂಚಿಗೆ ಕನ್ನಡಿಚೂರಿನಂಥ ಹೆಪ್ಪು.
ಜುವೈನಾ ಅಜ್ಜಿ ನಮ್ಮನ್ನು ನೋಡಲಿಲ್ಲ, ನಳಿಗೆಗಳನ್ನು ಎಣಿಸಿದಳು.
ಬೆರಳ ಗೆಣ್ಣುಗಳಲ್ಲಿ ಚರ್ಮ ಒಡೆದಿತ್ತು.
ನಸುಕಿನ ವುಜೂ, ಎಂದು ಕೈ ತಿಕ್ಕಿ ತೋರಿಸಿದಳು,
ನೀರಲ್ಲ ಅದು, ಸೂಜಿ.
ನನಗೆ ಬರುವ ಅರಬಿ: ಪೈಪು, ಬಿಲ್ಲು, ನಾಳೆ.
ಆದರೂ ತಿಳಿಯಿತು.

ಮುಖ ತೆಂಕಣಕ್ಕೆ. ಓರೆ ಇಪ್ಪತ್ತಮೂರು, ಚಳಿಗೆಂದು ಇನ್ನೂ ಹನ್ನೆರಡು.
ತೊಟ್ಟಿ ಮೇಲೆ, ನಳಿಗೆ ಕೆಳಗೆ.
ಕಾದದ್ದು ತಾನೇ ಏರುತ್ತದೆ, ತಣ್ಣಗಿನದು ಇಳಿಯುತ್ತದೆ,
ಪಂಪು ಬೇಡ, ಕರೆಂಟು ಬೇಡ, ಯಾರ ಶಿಫಾರಸೂ ಬೇಡ.
ಇಪ್ಪತ್ತೆರಡು ವರ್ಷದಲ್ಲಿ
ಹಾಗೆ ಮೇಲೇರಿದ್ದನ್ನು ನಾನಿಲ್ಲಿ ಕಂಡದ್ದು ಇದೊಂದೇ.

ತಪ್ಪು ಮಫಿಜುಲನದು. ಎಣಿಸಲೆಂದು ಕಂಬಳಿ ತೆಗೆದವನು
ಹೊದಿಸಲು ಮರೆತ. ಮಧ್ಯಾಹ್ನದ ಹೊತ್ತಿಗೆ
ಬರಿದಾದ ಗಾಜು ಒಳಗೊಳಗೇ ಕೆಂಡ.
ಈಗ ತಣ್ಣೀರು ಬಿಟ್ಟರೆ ಹದಿನೈದೂ ಚಟ್ಟನೆ ಸೀಳು.

ನೀರಿದೆ, ಪೈಪಿದೆ, ಬಿಡಬಾರದೇಕೆ? ಅಜ್ಜಿ ಹುಬ್ಬಿನಲ್ಲೇ ಕೇಳಿದಳು.
ಅವಳ ಕಹ್ವಾದ ಬಿಸಿ ಗಾಜುಲೋಟದ ಮೇಲೆ
ತಣ್ಣೀರಿನ ಚೊಂಬು ಬಗ್ಗಿಸುವಂತೆ ಮಾಡಿದೆ.
ಲೋಟ ಕಸಿದುಕೊಂಡಳು. ಆಮೇಲೆ ನಕ್ಕಳು.
ಖರ್ಜೂರದ ತಟ್ಟೆ ನನ್ನ ಕಡೆ ಸರಿಯಿತು.

ಕಾದೆವು. ಜ್ವರದ ಮಗುವಿಗೆ ಹೊದಿಸಿದಂತೆ ಹೊದಿಸಿ ಕಾದೆವು.

ಬೈಂದೂರಿನಲ್ಲಿ ನೀರು ತುಂಬುವ ಹಬ್ಬದ ಸಂಜೆ
ದೊಡ್ಡಮ್ಮ ಹುಣಸೆಹಣ್ಣಿನಲ್ಲಿ ಹಂಡೆ ಬೆಳಗಿ
ಕೊರಳಿಗೆ ಹಿಂಡ್ಲೆಬಳ್ಳಿ ಸುತ್ತಿ
"ಹೊತ್ತು ಮುಳುಗಲಿ, ಆಮೇಲೆ ತುಂಬು" ಅನ್ನುತ್ತಿದ್ದಳು.
ಯಾಕೆ ಅಂದರೆ ತಲೆಗೊಂದು ಮೊಟಕು.
ಈಗ ಕಾರಣ ಸಿಕ್ಕಿದೆ. ಆ ಹಂಡೆಯದಲ್ಲ,
ಬೇರೆ ಯಾವುದೋ ಹಂಡೆಯದು. ಇರಲಿ.

ಬೆಟ್ಟ ನೇರಳೆಯಾಯಿತು. ಕವಾಟ ತಿರುಗಿಸಿದೆ.
ಗಾಳಿ ಗೊಟಗೊಟ ಕೆಮ್ಮಿ ಹೊರಬಿತ್ತು,
ಒಂದು ಮೊಣಕೈ ಜಿನುಗಿತು, ನಾರು ಸುತ್ತಿ ಬಿಗಿದೆ.
ಪೈಪಿನ ಕೊರಳಿಗೆ ಕಪ್ಪು ನುರೆಪಟ್ಟಿ ಸುತ್ತುವಾಗ
ಕೈ ತಂತಾನೇ ಬಳ್ಳಿಯ ಗಂಟು ಹಾಕಿತು.

ಅಜ್ಜಿ ನಲ್ಲಿಗೆ ಬೆರಳೊಡ್ಡಿದಳು. ಅದೇ ಸೂಜಿ.
ಸಂತೆಯ ಮೋಸಗಾರನನ್ನು ನೋಡುವಂತೆ ನನ್ನ ನೋಡಿದಳು.
"ಬುಕ್ರಾ," ಅಂದೆ.
ಸಂಬಳ ಕೇಳಿದಾಗ, ರಜೆ ಕೇಳಿದಾಗ,
ಈ ದೇಶ ನನಗೆ ಹೇಳುತ್ತ ಬಂದ ಮಾತು,
ಮೊದಲ ಸಲ ನನ್ನ ಬಾಯಲ್ಲಿ.
ಲೆಕ್ಕ ಸರಿಯಿಲ್ಲವೆನಿಸಿ ತಿದ್ದಿದೆ:
ನಾಳೆ ಬಿಸಿಲು ಕುಡಿಯಬೇಕು, ನೀರು ನಾಳಿದ್ದಿನ ನಸುಕಿಗೆ.
"ಬುಕ್ರಾ, ಬುಕ್ರಾ." ಎರಡು ಬೆರಳು.

ಮೂರನೆಯ ದಿನ ಐದೂಕಾಲು. ಫೋನು.
ಹಲೋ ಇಲ್ಲ, ಸಲಾಂ ಇಲ್ಲ,
ತಾಮ್ರದ ಬೋಗುಣಿಗೆ ಬೀಳುವ ನೀರು ಮಾತ್ರ.
ತಣ್ಣೀರಿನ ಸದ್ದು ತೆಳು, ತಂತಿ ಮೀಟಿದ ಹಾಗೆ.
ಬಿಸಿಯದು ದಪ್ಪ, ಮಡಿಸಿದ ಬಟ್ಟೆ ನೆಲಕ್ಕೆ ಬಿದ್ದ ಹಾಗೆ.
ಈ ಕಸುಬಿನವರಿಗೆ ಕಿವಿಯೇ ಥರ್ಮಾಮೀಟರು.

ತುಂಬ ಹೊತ್ತು ಹಿಡಿದಿದ್ದಳು. ಮತ್ತೆ ಕಡಿದುಹೋಯಿತು.

"ಲೀಕಾ?" ಅಂದ ಮಫಿಜುಲ್, ಹೊದಿಕೆಯೊಳಗಿಂದ.
ಇಲ್ಲ, ಅಂದೆ. ಮಲಗು.