ಗದ್ದೆಯಲ್ಲಿ ಕಾರು ಕಾಯುವುದು

ಬೆಂಕಿ ಆರಿದ್ದು ನಿನ್ನೆ ಸಂಜೆ ನಾಲ್ಕಕ್ಕೆ.
ಮೂರು ಟ್ಯಾಂಕರ್ ನೀರು ಕುಡಿದು
ಕರಿಕಲಾಗಿ ಕೂತಿದೆ, ಕೊಯ್ಲಾದ ಗದ್ದೆಯ ನಡುವೆ.
ಮರ ಮನೆ ಯಾವುದೂ ಹತ್ತಿರವಿರದ ಹಾಗೆ
ಕ್ರೇನಿನವನಿಗೆ ಹೇಳಿ ಇಳಿಸಿದ್ದೇನೆ.
ನಲವತ್ತೆಂಟು ಗಂಟೆ ಕಣ್ಣಿಡಿ ಅನ್ನುತ್ತದೆ ಸುತ್ತೋಲೆ.
ನನ್ನದು ರಾತ್ರಿ ಪಾಳಿ.

ಗೋಣಿಕೊಪ್ಪದ ಜನವರಿ.
ಸಿಂದಗಿ ಕಡೆಯ ನನ್ನ ಮೂಳೆಗೆ
ಈ ಚಳಿಯ ಗುರುತು ಇನ್ನೂ ಹತ್ತಿಲ್ಲ.
ಜೀಪು ನಿಲ್ಲಿಸಿ ಕೇಳುತ್ತಾರೆ:
"ಸುಟ್ಟು ಹೋದದ್ದನ್ನು ಯಾಕೆ ಸಾರ್ ಕಾಯುವುದು?
ಕದಿಯಲು ಏನಿದೆ ಅದರಲ್ಲಿ?"

ಏನಿದೆ.
ಸೀಟಿನಡಿ, ಹಾಸಿಗೆಯಗಲದ ಪೆಟ್ಟಿಗೆಯಲ್ಲಿ
ಸಾವಿರಾರು ಸಣ್ಣ ಡಬ್ಬಿ.
ಕೆಲವು ಸತ್ತಿವೆ,
ಕೆಲವು ಸತ್ತ ಹಾಗೆ ಮಲಗಿವೆ.
ಕಿತ್ತಳೆ ಬಣ್ಣದ್ದು ಮುಟ್ಟಬೇಡಿ, ಅದರಲ್ಲಿ ಕರೆಂಟು,
ಎಂದು ತರಬೇತಿಯಲ್ಲಿ ಮೂರು ಸಲ ಹೇಳಿಸಿದ್ದರು.
ಕೊಡಗಿನಲ್ಲಿ ನಿಂತು ಕಿತ್ತಳೆ ಮುಟ್ಟಬೇಡಿ ಅಂದರೆ
ನಗದವರು ಯಾರು?
ತಂತಿ ಕಂಡ ಮೇಲೆ ನಗು ನಿಂತಿತು.

ಅವ್ವ ಬಣವೆಗೆ ಸಲಾಕೆ ಚುಚ್ಚುತ್ತಿದ್ದಳು,
ಹಸಿ ಮೇವು ಒಟ್ಟಿದ ವರ್ಷ.
ನೂರು ಎಣಿಸಿ, ಹೊರಗೆಳೆದು, ಕೆನ್ನೆಗೆ ತಾಗಿಸಿ
"ಒಳಗ ಕುದಿಯಾಕ ಹತ್ತೈತಿ" ಅಂದಳೋ
ಮನೆಮಂದಿಯೆಲ್ಲ ಎದ್ದು ಬಣವೆ ಬಿಚ್ಚಬೇಕು,
ನಡುರಾತ್ರಿಯಾದರೂ.
ಈಗ ನನ್ನ ಕೈಯಲ್ಲಿ ಥರ್ಮಲ್ ಕ್ಯಾಮೆರಾ.
ಅರ್ಧ ಗಂಟೆಗೊಮ್ಮೆ ಹಿಡಿದು
ಪುಸ್ತಕದಲ್ಲಿ ಬರೆಯುತ್ತೇನೆ:
ಮೂವತ್ತೊಂದು. ಮೂವತ್ತು. ಇಪ್ಪತ್ತೆಂಟು.
ಕೆನ್ನೆಗೆ ಕೆಲಸವಿಲ್ಲ.

ಬೆಳಗಿನ ಜಾವ ಫ್ಲಾಸ್ಕು ಹಿಡಿದು ಬಂದರು ದೇಚಮ್ಮ ಟೀಚರ್.
ಕಾರು ಅವರದು.
ಡಿಕ್ಕಿಯಲ್ಲಿ ಶಾಲೆಯ ಹಾಕಿ ಸ್ಟಿಕ್ಕು, ಹನ್ನೊಂದು.
ಬೂದಿಯಾಗಿದ್ದರೂ ಲೆಕ್ಕ ಕೊಡಬೇಕಂತೆ.
ನಾಳೆ ಅಂದೆ. ಹಗ್ಗದಾಚೆಯೇ ನಿಂತರು.
"ನಾಲ್ಕು ವರ್ಷ, ಸದ್ದೇ ಇರಲಿಲ್ಲ ಇದಕ್ಕೆ."
ಆಮೇಲೆ, ಕಾಫಿ ಸುರಿಯುವ ಕೈ ತಡೆದು,
"ಹೋದ ವಾರ ತೋಟದ ದಾರಿಯಲ್ಲಿ
ಅಡಿಗೆ ಕಲ್ಲು ತಾಗಿ ಟಕ್ ಅಂತು, ಒಂದೇ ಸಲ.
ಬಗ್ಗಿ ನೋಡಲಿಲ್ಲ ನಾನು.
ಸೀರೆ ಮಣ್ಣಾಗುತ್ತದಲ್ಲ."

ಕಾರಣ ಎಂಬ ಕಾಲಂ ಖಾಲಿ ಇತ್ತು.
ಪೆನ್ನು ತೆಗೆಯಲಿಲ್ಲ.
ಕಾಫಿ ಬಿಸಿಯಿತ್ತು, ಬೆಲ್ಲದ್ದು.

ಗಂಟೆ ಆರೂವರೆ. ಎದ್ದು ಕ್ಯಾಮೆರಾ ಹಿಡಿದೆ.
ಮೂವತ್ತೆಂಟು.
ಮಗುವಿನ ಜ್ವರದಷ್ಟು.
ಬಿಸಿಲು ಗದ್ದೆಗೆ ಇನ್ನೂ ಇಳಿದಿರಲಿಲ್ಲ.

"ರಸ್ತೆಗೆ ನಡೆಯಿರಿ ಟೀಚರ್, ಫ್ಲಾಸ್ಕು ಅಲ್ಲೇ ಇರಲಿ"
ಅಂದು, ಓಡದೆ,
ಪೈಪಿನ ಕಡೆ ಹೊರಟೆ.